ತುಪ್ಪಳ ಹೊದ್ದ ಟೀ ಕಪ್

ಈ ಕಪ್‌ನಲ್ಲಿ ಚಹಾ ಕೊಟ್ಟರೆ ಕುಡೀತೀರಾ? ಸ್ವಲ್ಪ ಹತ್ತಿರದಿಂದ ನೋಡಿ. ಕಪ್, ಸಾಸರ್, ಚಮಚ, ಮೂರಕ್ಕೂ ತುಪ್ಪಳ ಅಂಟಿಸಿದೆ. ಕಪ್‌ನ ಒಳಗೂ ಬಿಟ್ಟಿಲ್ಲ!

1936, ಪ್ಯಾರಿಸ್. ಕಲಾವಿದೆ ಮೆರೆಟ್ ಓಪನ್‌ಹೈಮ್‌ಗೆ ಆಗ 22 ವರ್ಷ. ಕೆಫೆಯಲ್ಲಿ ಚಿತ್ರಕಾರ ಪಿಕಾಸೊ, ಛಾಯಾಗ್ರಾಹಕಿ ಡೋರಾ ಮಾರ್ ಜೊತೆ ಕೂತಿದ್ದರು. ಮೆರೆಟ್ ಕೈಯಲ್ಲಿದ್ದ ತುಪ್ಪಳದ ಬಳೆ ನೋಡಿ ಪಿಕಾಸೊ ತಮಾಷೆ ಮಾಡಿದರು, ಹೀಗೆ ಯಾವುದಕ್ಕೆ ಬೇಕಾದರೂ ತುಪ್ಪಳ ಹೊದಿಸಬಹುದಲ್ಲ ಅಂತ. ಹೌದು, ಈ ಕಪ್-ಸಾಸರ್‌ಗೂ ಹೊದಿಸಬಹುದು ಅಂದರು ಮೆರೆಟ್.

ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಯಿಂದ ಮಾಮೂಲಿ ಕಪ್-ಸಾಸರ್ ತಂದರು, ಗಸೆಲ್ ಜಿಂಕೆಯ ತುಪ್ಪಳ ಹೊದಿಸಿಯೇಬಿಟ್ಟರು.

ನೋಡಿದ ಕೂಡಲೇ ನಗು ಬರುತ್ತೆ. ಮರುಕ್ಷಣ ಚಹಾದಲ್ಲಿ ನೆಂದ ಕೂದಲು ತುಟಿಗೆ ತಾಗಿದಂತಾಗಿ ಮೈ ಜುಮ್ಮೆನ್ನುತ್ತೆ. ಮುಟ್ಟೋಕೆ ಆಸೆ, ಬಾಯಿಗಿಡೋಕೆ ಹೇಸಿಗೆ. ಇದರ ಗೆಲುವು ಇರೋದೇ ಇಲ್ಲಿ. ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ನಾಲಿಗೆಗೇ ಗೊತ್ತಾಗಿಬಿಡುತ್ತೆ.

ಈ ಕಪ್ ಈಗ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲಿದೆ. ಆಧುನಿಕ ಕಲೆ ನೋಡುವಾಗ ನಿಮಗೂ ನಗು ಬಂದರೆ ತಡ್ಕೋಬೇಡಿ, ಮನಸಾರೆ ನಕ್ಕುಬಿಡಿ.