ಪಹಣಿಯ ಹಿಂದಿನ ಪದಗಳು

ರೈತನಿಗೆ ಭೂಮಿ ಎಷ್ಟು ಮುಖ್ಯವೋ ಆ ಭೂಮಿ ತನ್ನದೆಂದು ಹೇಳುವ ದಾಖಲೆಯೂ ಅಷ್ಟೇ ಮುಖ್ಯ. ಜನರು ಅದನ್ನು ಪಹಣಿ ಎಂದು ಕರೆಯುತ್ತಾರೆ. ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರನ ಹೆಸರು, ನೀರಿನ ಮೂಲ, ಬೆಳೆ, ಜಮೀನಿನ ಮೇಲಿರುವ ಸಾಲ ಇವೆಲ್ಲವೂ ಅದರಲ್ಲಿ ಅಡಕವಾಗಿರುತ್ತವೆ.

ಹಿಂದೆ ಪಹಣಿಯು ಕೈಬರಹದಲ್ಲಿದ್ದು, ಗ್ರಾಮಲೆಕ್ಕಿಗರ ವಶದಲ್ಲಿರುತ್ತಿತ್ತು. ಅದನ್ನು ಗಣಕಯಂತ್ರಕ್ಕೆ ಅಳವಡಿಸುವ ‘ಭೂಮಿ’ ಯೋಜನೆಯ ಮೊದಲ ಪ್ರಯೋಗ 1999ರ ಸುಮಾರಿನಲ್ಲಿ ನಡೆದುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹರಡಿತು. ಸುಮಾರು 2 ಕೋಟಿ ದಾಖಲೆಗಳು ಗಣಕವನ್ನು ಸೇರಿದವು.

ಜಮೀನು ಕೈ ಬದಲಾದಾಗ ನಡೆಯುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಕ್ರಯಪತ್ರ ನೋಂದಣಿಯಾಗುತ್ತದೆ. ಆ ವಿವರ ತಾಲ್ಲೂಕು ಕಚೇರಿಯನ್ನು ತಲುಪುತ್ತದೆ. ಸಂಬಂಧಪಟ್ಟವರಿಗೆ ನೋಟೀಸು ಹೊರಡುತ್ತದೆ. ತಕರಾರು ಬಂದರೆ ವಿಚಾರಣೆ ನಡೆಯುತ್ತದೆ. ಬಾರದಿದ್ದರೆ ಹಕ್ಕು ಬದಲಾವಣೆ ಮಂಜೂರಾಗಿ ಪಹಣಿಯಲ್ಲಿ ಹೊಸ ಹೆಸರು ಮೂಡುತ್ತದೆ. ಹೀಗೆ ಹಂತಗಳನ್ನು ಅನುಕ್ರಮವಾಗಿ ಗುರುತಿಸಿದ ನಕ್ಷೆಗೆ ಕಾರ್ಯವಿಧಾನದ ಮಾದರಿ ಎಂದು ಹೆಸರು.

ಆದರೆ ಹಂತಗಳು ಸರಿಯಿದ್ದ ಮಾತ್ರಕ್ಕೆ ಕೆಲಸ ಸರಿಯಾಗದು. ಮಳವಳ್ಳಿ ತಾಲ್ಲೂಕಿನ ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 2 ಎಕರೆ 10 ಗುಂಟೆ ಎಂದೂ ಅದರಲ್ಲಿ 10 ಗುಂಟೆ ‘ಬ ಖರಾಬು’ ಎಂದೂ ಇಟ್ಟುಕೊಳ್ಳಬಹುದು. ಬ ಖರಾಬೆಂದರೆ ದಾರಿ, ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಅದು ಮಾರಾಟಕ್ಕೆ ಸಲ್ಲದು. ‘ವಿಸ್ತೀರ್ಣ’ವೆಂಬ ಪದಕ್ಕೆ ಒಂದು ಕಚೇರಿ ಖರಾಬನ್ನು ಸೇರಿಸಿ, ಇನ್ನೊಂದು ಕಚೇರಿ ಕಳೆದು ಅರ್ಥ ಮಾಡಿದರೆ, ಕೊಂಡವನು ಇಲ್ಲದ 10 ಗುಂಟೆಗೆ ಹಣ ತೆರಬೇಕಾದೀತು. ಹಂತಗಳೆಲ್ಲ ಕ್ರಮವಾಗಿಯೇ ನಡೆದಿದ್ದರೂ ಬಡವನೊಬ್ಬನಿಗೆ ಅನ್ಯಾಯವಾದಂತಾಯಿತು.

ಆದುದರಿಂದ ಒಂದು ಕ್ಷೇತ್ರದಲ್ಲಿ ಬಳಕೆಯಾಗುವ ಪದಗಳ ಅರ್ಥವನ್ನೂ ಅವುಗಳ ಪರಸ್ಪರ ಸಂಬಂಧವನ್ನೂ ಖಚಿತವಾಗಿ ನಿರೂಪಿಸಬೇಕಾಗುತ್ತದೆ. 40 ಗುಂಟೆ ಸೇರಿದರೆ ಒಂದು ಎಕರೆ. ಹಿಸ್ಸಾ ಎಂಬುದು ಸರ್ವೆ ನಂಬರಿನ ಒಂದು ಭಾಗ. ತರಿ, ಖುಷ್ಕಿ, ಬಾಗಾಯ್ತು ಎಂಬುವು ಜಮೀನಿನ ಬಗೆಗಳು. ಇಂತಹ ನಿರೂಪಣೆಗೆ ಗಣಕ ವಿಜ್ಞಾನಿಗಳು ‘ಆಂಟಾಲಜಿ’ ಎನ್ನುತ್ತಾರೆ. ಕಾರ್ಯವಿಧಾನದ ಪ್ರತಿಯೊಂದು ಹಂತದ ಪದವನ್ನೂ ಇದಕ್ಕೆ ಜೋಡಿಸಿದಾಗ, ನೋಂದಣಿ ಇಲಾಖೆಯ ‘ಕಾವೇರಿ’, ಭೂಮಾಪನ ಇಲಾಖೆಯ ‘ಮೋಜಿಣಿ’ ಮತ್ತು ಕಂದಾಯ ಇಲಾಖೆಯ ‘ಭೂಮಿ’ ಒಂದೇ ಜಮೀನನ್ನು ಕುರಿತು ಒಂದೇ ಅರ್ಥದಲ್ಲಿ ಮಾತನಾಡಬಲ್ಲವು. ಹೊಂದದ ಲೆಕ್ಕವನ್ನು ಗಣಕವು ಮುಂದಿನ ಹಂತಕ್ಕೆ ಹೋಗದಂತೆ ತಡೆಯಬಲ್ಲದು.

ಈ ನಿರೂಪಣೆ ಒಮ್ಮೆ ಮಾಡಿ ಮುಗಿಸುವಂಥದಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯ ಸೀಮೆಯ ಎಷ್ಟೋ ಹೊಲಗಳು ಗದ್ದೆಗಳಾದವು. ನೆಲ ಬದಲಾದಂತೆ ದಾಖಲೆಯೂ ಬದಲಾಗಬೇಕು. ತಪ್ಪು ವಿವರವನ್ನು ತುಂಬಿದರೆ ಗಣಕವು ಆ ತಪ್ಪನ್ನೇ ಶೀಘ್ರವಾಗಿ ಎಲ್ಲೆಡೆಗೂ ಸಾಗಿಸುತ್ತದೆ. ಹೊಲದ ಬದುವಿನ ಮೇಲೆ ನಿಂತು ನಿಜವನ್ನು ಕಂಡು ಬರೆಯುವ ಹೊಣೆ ಇಂದಿಗೂ ಮನುಷ್ಯನದೇ ಆಗಿದೆ.