ಯುದ್ಧ ಬಂದರೂ ನಲ್ಲಿಯಲ್ಲಿ ನೀರು ನಿಲ್ಲಬಾರದು

ಯುದ್ಧ ಅಂದರೆ ಗಡಿಯಲ್ಲಿ ಸೈನಿಕರು ಹೊಡೆದಾಡುವುದು, ಅದು ಗಂಡಸರು ಮಾತಾಡಿಕೊಳ್ಳುವ ವಿಷಯ ಅಂತ ನಮ್ಮಲ್ಲಿ ಎಷ್ಟೋ ಮಂದಿ ಪತ್ರಿಕೆಯ ಆ ಪುಟ ತಿರುವಿಬಿಡುತ್ತೇವೆ. ಆದರೆ ಊರಿನ ಮೇಲೆ ಯುದ್ಧ ಬಂದರೆ ಅದು ಮೊದಲು ನುಗ್ಗುವುದು ಅಡುಗೆಮನೆಗೆ. ಕರೆಂಟು ಹೋಗುತ್ತದೆ, ನಲ್ಲಿ ಒಣಗುತ್ತದೆ, ಡಬ್ಬಿಯ ಹಿಟ್ಟು ಮುಗಿಯುತ್ತದೆ. ಆಗ ಕೊಡ ಹಿಡಿದು ಹೊರಗೆ ಹೋಗಬೇಕಾದವರು ಯಾರು? ನಾವೇ ತಾನೆ!

ಯುರೋಪಿನ ಬೋಸ್ನಿಯಾ ದೇಶದ ರಾಜಧಾನಿ ಸರಾಯೆವೊದಲ್ಲಿ ಹೀಗೇ ಆಯಿತು. ಸುತ್ತ ಬೆಟ್ಟ, ನಡುವೆ ಬೋಗುಣಿಯಲ್ಲಿ ಇಟ್ಟ ಹಾಗೆ ಊರು. 1984ರಲ್ಲಿ ಅಲ್ಲಿ ಚಳಿಗಾಲದ ಒಲಿಂಪಿಕ್ ಪಂದ್ಯಗಳು ನಡೆದಿದ್ದವು. ಅದಾಗಿ ಎಂಟೇ ವರ್ಷ. ಯುಗೋಸ್ಲಾವಿಯಾ ಒಡೆದು ಚೂರಾಗುತ್ತಿದ್ದಾಗ, 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದ ಸರ್ಬ್ ಪಡೆಗಳು ಬೆಟ್ಟಗಳನ್ನು ಹಿಡಿದು ಊರಿಗೆ ಮುತ್ತಿಗೆ ಹಾಕಿದವು. ಅದು ಮುಗಿದದ್ದು 1996ರ ಫೆಬ್ರವರಿಯಲ್ಲಿ. ಹೆಚ್ಚುಕಡಿಮೆ ನಾಲ್ಕು ವರ್ಷ! ಸತ್ತವರು ಹನ್ನೊಂದು ಸಾವಿರಕ್ಕೂ ಹೆಚ್ಚು. ಅವರಲ್ಲಿ ನೂರಾರು ಮಕ್ಕಳು.

ಅಲ್ಲಿ ನೀರು ನಿಂತದ್ದು ಹೇಗೆ ಗೊತ್ತೇ? ಊರಿನ ನೀರಿನ ಹೆಚ್ಚಿನ ಪಾಲು ಊರಾಚೆಯ ಬಾವಿಗಳಿಂದ ಪಂಪಿನ ಮೂಲಕ ಬರುತ್ತಿತ್ತು. ಆ ಬಾವಿಗಳಿದ್ದ ಜಾಗ ಮುತ್ತಿಗೆ ಹಾಕಿದವರ ಕೈಗೆ ಹೋಯಿತು. ಪಂಪಿಗೋ ಕರೆಂಟು ಬೇಕು. ತಂತಿ ಕಡಿದರೆ ಪಂಪು ನಿಂತಿತು, ಪಂಪು ನಿಂತರೆ ನಲ್ಲಿ ಒಣಗಿತು, ಆಸ್ಪತ್ರೆಯಲ್ಲಿ ಕೈ ತೊಳೆಯುವುದಕ್ಕೂ ಪರದಾಟ. ಒಂದು ದಾರ ಎಳೆದರೆ ಇಡೀ ಹೊಲಿಗೆ ಬಿಚ್ಚಿಕೊಂಡ ಹಾಗೆ.

ಊರೊಳಗೆ ಒಂದು ಬಿಯರ್ ಕಾರ್ಖಾನೆಗೆ ತನ್ನದೇ ಬುಗ್ಗೆಯ ನೀರಿತ್ತು. ಜನ ಮಕ್ಕಳ ತಳ್ಳುಗಾಡಿಯಲ್ಲಿ, ಹಿಮದ ಮೇಲೆ ಎಳೆಯುವ ಜಾರುಬಂಡಿಯಲ್ಲಿ ಡಬ್ಬಗಳನ್ನು ಇಟ್ಟುಕೊಂಡು ಅಲ್ಲಿಗೆ ಹೋಗಿ ಸಾಲು ನಿಲ್ಲುತ್ತಿದ್ದರು. ಬೆಟ್ಟದ ಮೇಲಿನವರಿಗೆ ಇಂಥ ಸಾಲುಗಳೇ ಗುರಿಯಾದವು. 1993ರ ಜುಲೈ 12ರಂದು ದೋಬ್ರಿನ್ಯಾ ಎಂಬ ಬಡಾವಣೆಯಲ್ಲಿ ನೀರಿಗೆ ನಿಂತಿದ್ದವರ ನಡುವೆ ಶೆಲ್ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ನೀರು ತರಲು ಹೋದವರು, ಅಷ್ಟೇ. ಅವರ ಕೈಯಲ್ಲಿ ಇದ್ದದ್ದು ಡಬ್ಬ, ಬಂದೂಕಲ್ಲ.

ಇದನ್ನು ಕೇಳುವವರೇ ಇಲ್ಲವೇ ಅಂತ ನಿಮಗೂ ಅನ್ನಿಸಬಹುದು. ಕಾನೂನು ಇದೆ. 1949ರ ಜಿನೀವಾ ಒಪ್ಪಂದಗಳಲ್ಲಿ ನಾಲ್ಕನೆಯದು ಯುದ್ಧಕಾಲದಲ್ಲಿ ಸಾಮಾನ್ಯ ಜನರ ರಕ್ಷಣೆಗಾಗಿಯೇ ಆದದ್ದು. 1977ರಲ್ಲಿ ಅದಕ್ಕೆ ಇನ್ನಷ್ಟು ನಿಯಮ ಸೇರಿದವು. ಜನರು ಬದುಕಲು ಬೇಕಾದ ಬೆಳೆ, ದನಕರು, ಕುಡಿಯುವ ನೀರಿನ ವ್ಯವಸ್ಥೆ, ನೀರಾವರಿ ಕಾಲುವೆ, ಇವುಗಳನ್ನು ಕಸಿದು ಜನರನ್ನು ಉಪವಾಸ ಕೆಡವುವಂತಿಲ್ಲ ಅಂತ ಅದರಲ್ಲಿ ಬರೆದಿದೆ. ಅಣೆಕಟ್ಟು, ಅಣು ವಿದ್ಯುತ್ ಸ್ಥಾವರಗಳಿಗೂ ವಿಶೇಷ ರಕ್ಷಣೆ ಉಂಟು. ನಮ್ಮ ದೇಶ 1949ರ ಒಪ್ಪಂದಗಳನ್ನು ಒಪ್ಪಿ, 1960ರಲ್ಲಿ ಅದಕ್ಕಾಗಿ ಕಾಯಿದೆಯನ್ನೂ ಮಾಡಿದೆ. 1977ರ ನಿಯಮಾವಳಿಗೆ ಮಾತ್ರ ಇನ್ನೂ ಸೇರಿಲ್ಲ.

ಕಾಗದದ ಮೇಲೆ ಬರೆದದ್ದರಿಂದ ಏನು ಬಂತು ಅನ್ನಬೇಡಿ. ಸರಾಯೆವೊದ ಸುತ್ತ ಸೇನೆ ನಡೆಸಿದ ಜನರಲ್ ಸ್ತಾನಿಸ್ಲಾವ್ ಗಾಲಿಚ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಯಿತು. ದೋಬ್ರಿನ್ಯಾದ ನೀರಿನ ಸಾಲಿನ ಮಾತೂ ಅಲ್ಲಿ ಬಂತು. 2003ರಲ್ಲಿ 20 ವರ್ಷ ಶಿಕ್ಷೆಯಾಯಿತು, 2006ರ ಮೇಲ್ಮನವಿಯಲ್ಲಿ ಅದು ಜೀವಾವಧಿಯಾಯಿತು. ಸತ್ತವರು ತಿರುಗಿ ಬರಲಿಲ್ಲ ನಿಜ. ಆದರೆ "ಯುದ್ಧದಲ್ಲಿ ಇದೆಲ್ಲ ಮಾಮೂಲು" ಅನ್ನುವ ಮಾತು ನಡೆಯಲಿಲ್ಲ.

ನಮ್ಮ ಹತ್ತಿರದ ಸಂಗತಿಯೂ ಒಂದಿದೆ. ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಅಂತ ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. ನಮ್ಮ ಕೈಗಾದಂಥ ಸ್ಥಾವರಗಳಿಗೂ ಅದು ಅನ್ವಯಿಸುತ್ತದೆ. 1992ರಿಂದ ಜನವರಿ 1ರಂದು ಎರಡೂ ದೇಶ ತಮ್ಮ ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತಾ ಬಂದಿವೆ. 1999ರ ಕಾರ್ಗಿಲ್ ಕದನ ಆದ ಮೇಲೂ ಈ ಪದ್ಧತಿ ತಪ್ಪಲಿಲ್ಲ. ಮಾತು ಬಿಟ್ಟ ನೆರೆಹೊರೆಯವರು ಕೂಡ "ಬಾವಿಗೆ ವಿಷ ಹಾಕೋದು ಮಾತ್ರ ಬೇಡ" ಅಂತ ಒಪ್ಪಿಕೊಳ್ಳಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

ಇದರಲ್ಲಿ ಮನೆಯಲ್ಲಿರುವ ನಾವು ಮಾಡುವುದೇನು? ಯುದ್ಧದ ಸುದ್ದಿ ಬಂದಾಗ ಯಾರು ಗೆದ್ದರು ಅನ್ನುವುದರ ಜೊತೆಗೆ ಯಾವ ಊರಿನ ನೀರು ನಿಂತಿತು, ಯಾವ ಆಸ್ಪತ್ರೆಯ ದೀಪ ಆರಿತು ಅಂತಲೂ ನೋಡೋಣ. ಶತ್ರುವಿನ ಊರನ್ನು ಕತ್ತಲು ಮಾಡಿದರು ಅಂತ ಮಕ್ಕಳು ಚಪ್ಪಾಳೆ ತಟ್ಟಿದರೆ ಹತ್ತಿರ ಕೂರಿಸಿಕೊಂಡು ತಿಳಿಸಿ ಹೇಳೋಣ. ಆ ಕತ್ತಲಲ್ಲಿ ಕೂಸಿಗೆ ಹಾಲು ಕಾಯಿಸಲು ತಡಕಾಡುವ ತಾಯಿಯೂ ನಮ್ಮ ಹಾಗೇ ಒಬ್ಬ ಗೃಹಿಣಿ. ಬೇಸಿಗೆಯಲ್ಲಿ ಅರವಟಿಗೆ ಇಟ್ಟವರು ದಾರಿಹೋಕನ ಊರು ಯಾವುದೆಂದು ಕೇಳುವುದಿಲ್ಲ. ಜಿನೀವಾದ ಕಾನೂನು ಹೇಳುವುದೂ ಅದನ್ನೇ ಅಲ್ಲವೇ?