ಶಾಲೆ ಬಿಟ್ಟು ಬಯಲಿಗೆ ಬಂದ ‘ತಾಲೀಮು’

ಬೀದರ್ ಜಿಲ್ಲೆಯ ಗೋರ್ಟಾ (ಬಿ) ಗ್ರಾಮವು ಕಲ್ಯಾಣ ಕರ್ನಾಟಕದ ಜನರಿಗೆ ಸೆಪ್ಟೆಂಬರ್ 17ರ ಜೊತೆಗೇ ನೆನಪಾಗುವ ಊರು. 1948ರಲ್ಲಿ ರಜಾಕಾರರ ದಾಳಿಗೆ ಇಲ್ಲಿಯ ಅನೇಕರು ಬಲಿಯಾದರು. ಅದೇ ವರ್ಷದ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಶರಣಾಯಿತು. ಗ್ರಾಮದ ಹುತಾತ್ಮರ ಸ್ಮಾರಕವು 2023ರ ಮಾರ್ಚ್ 26ರಂದು ಉದ್ಘಾಟನೆಗೊಂಡಿತು.

ಈ ದಿನಾಚರಣೆ ಹತ್ತಿರವಾದಂತೆ ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಮೂರು ಮಾತುಗಳು ಒಟ್ಟಿಗೆ ಕೇಳಿಬರುತ್ತವೆ. ಕಚೇರಿಯಲ್ಲಿ ‘ಪೂರ್ವಭಾವಿ ಸಭೆ’, ಮೈದಾನದಲ್ಲಿ ‘ಪೂರ್ವಸಿದ್ಧತೆ’, ಶಾಲೆಯ ಅಂಗಳದಲ್ಲಿ ‘ತಾಲೀಮು’. ಮೂರೂ ಕಾರ್ಯಕ್ರಮಕ್ಕೆ ಮುಂಚಿನವೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ಕೆಡುತ್ತದೆ. ಸಭೆಯಲ್ಲಿ ಯಾರು ಏನು ಮಾಡಬೇಕೆಂಬ ತೀರ್ಮಾನವಾಗುತ್ತದೆ. ಸಿದ್ಧತೆಯಲ್ಲಿ ಧ್ವಜಸ್ತಂಭ, ಕುರ್ಚಿ, ನೀರಿನ ವ್ಯವಸ್ಥೆಯಾಗುತ್ತದೆ. ತಾಲೀಮಿನಲ್ಲಿ ಮಾತ್ರ ಮಕ್ಕಳು ನಾಳೆ ಹಾಕಬೇಕಾದ ಹೆಜ್ಜೆಯನ್ನು ಇಂದೇ ಹಾಕಿ ನೋಡುತ್ತಾರೆ.

ಹೀಗೆ ಅಂಗಳದಲ್ಲಿ ಕೇಳಿಸುವ ಈ ಪದದ ಮೂಲಾರ್ಥ ಅಂಗಳದ್ದಲ್ಲ, ತರಗತಿಯದು. ಅರಬ್ಬಿಯಲ್ಲಿ ‘ತಅಲೀಮ್’ ಎಂದರೆ ಕಲಿಸುವಿಕೆ. ಜ್ಞಾನಕ್ಕೆ ‘ಇಲ್ಮ್’, ಕಲಿಸುವವನಿಗೆ ‘ಮುಅಲ್ಲಿಮ್’ ಎನ್ನುವ ಮಾತುಗಳೂ ಅದೇ ಧಾತುವಿನಿಂದ ಹುಟ್ಟಿದವು. ಉರ್ದುವಿನಲ್ಲಿ ಇಂದಿಗೂ ‘ತಾಲೀಮ್’ ಎಂದರೆ ಶಿಕ್ಷಣ. ಗಾಂಧೀಜಿ 1937ರಲ್ಲಿ ಮುಂದಿಟ್ಟ ಮೂಲಶಿಕ್ಷಣದ ಪದ್ಧತಿಗೆ ‘ನಯೀ ತಾಲೀಮ್’ ಎಂಬ ಹೆಸರು ಬಂದದ್ದು ಈ ಅರ್ಥದಲ್ಲಿಯೇ. ನಿಜಾಮರ ಆಡಳಿತದಲ್ಲಿಯೂ ‘ತಾಲೀಮಾತ್’ ಎಂದರೆ ವಿದ್ಯಾ ಇಲಾಖೆ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ಕಚೇರಿಯ ಭಾಷೆಯೂ ಅದೇ. ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಉಳಿದಿದ್ದ ಜಾಗ ಕಿರಿದು. ಕನ್ನಡ ಮನೆಮಾತಿನ ಹುಡುಗನಿಗೆ ‘ತಾಲೀಮ್’ ಎಂದರೆ ಪರಭಾಷೆಯಲ್ಲಿ ದಕ್ಕಬೇಕಾದ ವಿದ್ಯೆಯಾಗಿತ್ತು. ಆ ಆಡಳಿತ ಮುಗಿದ ದಿನದ ಆಚರಣೆಗೆ ಅದೇ ಪದ ಹೆಜ್ಜೆ ಕಲಿಸುತ್ತಿದೆ. ಅದು ಹೊರಗಿನದೆಂಬ ನೆನಪು ಆಡುವವರಲ್ಲಿ ಯಾರಿಗೂ ಇಲ್ಲ.

ಅಷ್ಟೇಕೆ, ಊರಿನ ಹೆಸರಿಗೆ ಅಂಟಿರುವ ‘ಬಿ’ ಎಂಬ ಅಕ್ಷರವೂ ಅದೇ ಕಾಲದ್ದು. ಹೈದರಾಬಾದ್ ಸಂಸ್ಥಾನದ ದಾಖಲೆಗಳಲ್ಲಿ ಒಂದೇ ಹೆಸರಿನ ಎರಡು ಊರುಗಳಿದ್ದರೆ ಹಿರಿದಕ್ಕೆ ‘ಬುಜುರ್ಗ್’, ಕಿರಿದಕ್ಕೆ ‘ಖುರ್ದ್’ ಎಂಬ ಪಾರಸಿ ಮಾತುಗಳನ್ನು ಸೇರಿಸುವುದು ರೂಢಿ. ಮಹಾರಾಷ್ಟ್ರದಲ್ಲಿ ಅದೇ ‘ಬುದ್ರುಕ್’ ಆಗಿದೆ.

ಶಿಕ್ಷಣವೆಂಬ ಅರ್ಥ ಬಿಟ್ಟು ‘ತಾಲೀಮು’ ಮೈದಾನಕ್ಕೆ ಹೇಗೆ ಬಂದಿತು? ಉತ್ತರ ಗಡಿಯಾಚೆಯ ಮರಾಠಿಯಲ್ಲಿದೆ. ಅಲ್ಲಿ ‘ತಾಲೀಮ್’ ಎಂದರೆ ಕುಸ್ತಿಯ ಗರಡಿಮನೆ, ಅಲ್ಲಿ ನಡೆಯುವ ಅಂಗಸಾಧನೆ, ಜೊತೆಗೆ ನಾಟಕದ ಮುನ್ನಭ್ಯಾಸ. ಕೊಲ್ಹಾಪುರದ ಫುಟ್‌ಬಾಲ್ ತಂಡಗಳಲ್ಲಿ ಕೆಲವು ಇಂದಿಗೂ ‘ತಾಲೀಮ್ ಮಂಡಳ’ ಎಂಬ ಹೆಸರಿನಲ್ಲೇ ಆಡುತ್ತವೆ. ಗುರು ಕಲಿಸುವ ವಿದ್ಯೆ ಮೊದಲು ಪೈಲ್ವಾನರ ಮಣ್ಣಿಗೆ, ಅಲ್ಲಿಂದ ರಂಗಮಂಚಕ್ಕೆ ನಡೆದುಬಂದಂತಿದೆ. ಕನ್ನಡವು ಉರ್ದುವಿನ ಅರ್ಥವನ್ನು ಬಿಟ್ಟು ಮರಾಠಿಯ ಅರ್ಥವನ್ನು ಹಿಡಿದಿರುವುದರಿಂದ, ಪದ ಬಂದ ದಾರಿಯೂ ಅದೇ ಎಂದು ತಿಳಿಯಬಹುದು. ಹೀಗಾಗಿ ಬೀದರ್ ಸೀಮೆಯ ಒಂದೇ ಓಣಿಯಲ್ಲಿ ಉರ್ದು ಮನೆಮಾತಿನವರಿಗೆ ಓದು, ಮರಾಠಿಯವರಿಗೆ ಗರಡಿ, ಕನ್ನಡಿಗರಿಗೆ ನಾಟಕದ ಸಿದ್ಧತೆ, ಮೂರನ್ನೂ ಒಂದೇ ಪದ ಹೇಳುತ್ತದೆ.

ಇದಕ್ಕಿಂತ ಸ್ವಾರಸ್ಯವಾದದ್ದು ‘ಅಭ್ಯಾಸ’ದ ಕಥೆ. ಸಂಸ್ಕೃತದಲ್ಲಿ ಅದರ ಅರ್ಥ ಮತ್ತೆ ಮತ್ತೆ ಮಾಡುವುದು. ಅಂದರೆ ಇಂದು ನಾವು ತಾಲೀಮೆಂದು ಕರೆಯುವ ಕ್ರಿಯೆಗೆ ಅತ್ಯಂತ ಹತ್ತಿರ. ಆದರೆ ಉತ್ತರ ಕರ್ನಾಟಕದ ಮನೆಯಲ್ಲಿ ‘ಹುಡುಗ ಅಭ್ಯಾಸ ಮಾಡ್ಲಾಕತ್ತಾನ’ ಎಂದರೆ ಅವನು ಪುಸ್ತಕ ಹಿಡಿದು ಕುಳಿತಿದ್ದಾನೆ ಎಂದೇ ಅರ್ಥ. ಮರಾಠಿಯಲ್ಲಿಯೂ ಹಾಗೆಯೇ. ‘ವಿದ್ಯಾಭ್ಯಾಸ’, ‘ಅಭ್ಯಾಸಕ್ರಮ’ಗಳು ಈ ಅರ್ಥವನ್ನು ಗಟ್ಟಿಗೊಳಿಸಿವೆ. ಶಾಲೆಯ ಪದ ಬಯಲಿಗೆ ಹೋಯಿತು, ಬಯಲಿನ ಪದ ಶಾಲೆಗೆ ಬಂದಿತು! ಅಲ್ಲದೆ ‘ಅಭ್ಯಾಸ’ಕ್ಕೆ ಚಟ, ರೂಢಿ ಎಂಬ ಇನ್ನೊಂದು ಹೊರೆಯೂ ಇದೆ. ‘ಬೆಳಗ್ಗೆ ಏಳುವ ಅಭ್ಯಾಸ’ ಎನ್ನುವಾಗ ಯಾವ ಸಿದ್ಧತೆಯೂ ಇಲ್ಲ. ಆದ್ದರಿಂದಲೇ ‘ನಾಟಕದ ಅಭ್ಯಾಸ’ ಎಂದು ಬರೆದರೆ ನಾಟಕ ಆಡಿ ನೋಡುವುದೋ, ನಾಟಕದ ಅಧ್ಯಯನವೋ ಎಂಬ ಸಂಶಯ ಹುಟ್ಟುತ್ತದೆ. ‘ಪೂರ್ವಾಭ್ಯಾಸ’ ಎಂದರೆ ಸಂಶಯ ನೀಗೀತು, ಆದರೆ ಅದು ಆಮಂತ್ರಣ ಪತ್ರಿಕೆಯ ಮಾತು. ಊರಿನಲ್ಲಿ ಯಾರೂ ಆಡುವುದಿಲ್ಲ.

‘ಕವಾಯತು’ ಕೂಡ ತಾಲೀಮಿನ ಹಾದಿಯಲ್ಲೇ ನಡೆದಿದೆ. ಅರಬ್ಬಿಯ ‘ಕವಾಇದ್’ ಎಂದರೆ ನಿಯಮಗಳು. ಉರ್ದುವಿನಲ್ಲಿ ವ್ಯಾಕರಣಕ್ಕೂ ಅದೇ ಹೆಸರು. ಕನ್ನಡದಲ್ಲಿ ಅದು ಎಡಬಲ ಹೆಜ್ಜೆಯ ಶಿಸ್ತು. ‘ಕಸರತ್ತು’ ದೇಹಶ್ರಮದ ಮಾತಾಗಿದ್ದು, ಈಗ ಪತ್ರಿಕೆಗಳಲ್ಲಿ ಟಿಕೆಟ್ ಹಂಚಿಕೆಯ ಪೇಚಾಟಕ್ಕೆ ಮೀಸಲಾಗಿಬಿಟ್ಟಿದೆ. ಸಂಗೀತಗಾರರು ಗುರುವಿನ ಎದುರಿನ ಪಾಠಕ್ಕೆ ‘ತಾಲೀಮ್’, ಮನೆಯಲ್ಲಿ ಒಬ್ಬರೇ ಕುಳಿತು ಮಾಡುವ ಸಾಧನೆಗೆ ‘ರಿಯಾಜ್’ ಎನ್ನುತ್ತಾರೆ. ಈ ಭೇದವನ್ನು ಉಳಿಸಿಕೊಂಡವರು ಅವರೇ.

ಕನ್ನಡದ ಬಳಕೆಯನ್ನು ಗಮನಿಸಿದರೆ ತಾಲೀಮಿಗೆ ಮುಂದೆ ಒಂದು ನಿಶ್ಚಿತ ಪ್ರದರ್ಶನವಿರಬೇಕು. ದೇಹವೋ ಧ್ವನಿಯೋ ದುಡಿಯಬೇಕು. ತಿದ್ದುವವರೊಬ್ಬರು ಸಾಮಾನ್ಯವಾಗಿ ಇರಬೇಕು. ಮೈಸೂರು ದಸರಾ ಆನೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುವ ಮುನ್ನ ಮರಳಿನ ಮೂಟೆ ಹೊರಿಸಿ, ದಿನದಿನಕ್ಕೆ ಭಾರ ಹೆಚ್ಚಿಸಿ, ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ. ಸದ್ದಿಗೆ ಬೆದರದಂತೆ ಕುಶಾಲತೋಪು ಹಾರಿಸುತ್ತಾರೆ. ಇದನ್ನು ‘ಆನೆಗಳ ಅಭ್ಯಾಸ’ ಎಂದು ಬರೆದರೆ ಓದುಗ ನಕ್ಕಾನು. ತಾಲೀಮಿನಿಂದ ಆದದ್ದನ್ನು ಹೇಳಲು ಅಚ್ಚಗನ್ನಡದ ‘ಪಳಗು’ ಇದೆ: ಆನೆ ಪಳಗುತ್ತದೆ, ಕೈಯೂ ಪಳಗುತ್ತದೆ. ಇನ್ನು ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಲೆಯಲ್ಲಿ ಅರ್ಥಧಾರಿಗಳ ಮಾತು ಆಶುವಾಗಿಯೇ ಹೊಮ್ಮುವುದರಿಂದ, ಅಲ್ಲಿ ಈ ಪದಕ್ಕೆ ಹೆಚ್ಚಿನ ಕೆಲಸವಿಲ್ಲ.

‘ಪೂರ್ವಭಾವಿ ತಾಲೀಮು’, ‘ಮುಂಚಿತ ತಾಲೀಮು’ ಎಂಬ ಶೀರ್ಷಿಕೆಗಳು ಆಗಾಗ ಕಾಣುತ್ತವೆ. ಮುಂಚೆ ಮಾಡುವುದೇ ತಾಲೀಮಾಗಿರುವಾಗ ವಿಶೇಷಣ ಅನಗತ್ಯ. ‘ಅಂತಿಮ ತಾಲೀಮು’ ಮಾತ್ರ ಅವಶ್ಯಕ, ಏಕೆಂದರೆ ಅಂದು ವೇಷಭೂಷಣ, ಬ್ಯಾಂಡು ಎಲ್ಲವೂ ಇರುತ್ತವೆ.

‘ರಿಹರ್ಸಲ್’ ಬಂದ ಮೇಲೆ ತಾಲೀಮು ಹಿಂದೆ ಸರಿಯುತ್ತಿದೆ ಎಂಬ ಕೊರಗು ಉಂಟು. ನಗರದ ರಂಗಮಂದಿರಗಳಲ್ಲಿ ಅದು ನಿಜ. ಆದರೆ ಈ ಆಂಗ್ಲ ಪದ ಬೀದರ್‌ನ ರೈತನಿಗೆ ಪರಕೀಯವೆನಿಸಬೇಕಾಗಿಲ್ಲ: ಅದರ ಹಳೆಯ ಫ್ರೆಂಚ್ ಮೂಲದ ಅರ್ಥ, ಹೊಲವನ್ನು ಮತ್ತೊಮ್ಮೆ ಹರಗುವುದು. ತೊಗರಿಯ ಸಾಲಿನಲ್ಲಿ ಎರಡನೆಯ ಸಲ ಕುಂಟೆ ಹೊಡೆಯುವವನು ಮಾಡುವುದೂ ಅದನ್ನೇ.

ಹೆಚ್ಚು ತೊಡಕಿನದು ‘ಅಣಕು’. ಚುನಾವಣೆಯ ದಿನ ಮತದಾನಕ್ಕೆ ಮುನ್ನ, ಅಭ್ಯರ್ಥಿಗಳ ಏಜೆಂಟರ ಎದುರು ಯಂತ್ರವನ್ನು ಪರೀಕ್ಷಿಸುವುದಕ್ಕೆ ‘ಅಣಕು ಮತದಾನ’ ಎಂಬ ಹೆಸರು ನಿಂತುಬಿಟ್ಟಿದೆ. ಅಣಕಿಸುವುದೆಂದರೆ ಹಾಸ್ಯಮಾಡುವುದು, ಇಲ್ಲಿ ಹಾಸ್ಯವೇನೂ ಇಲ್ಲ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ನಡೆದಾಗಲೂ ‘ಅಣಕು’ ಮರಳಿ ಬಂದಿತು. ಕರ್ನಾಟಕದಲ್ಲಿ ಬೆಂಗಳೂರು, ಕಾರವಾರ, ರಾಯಚೂರುಗಳು ಅದಕ್ಕೆ ಆಯ್ಕೆಯಾಗಿದ್ದವು. ಕೇಂದ್ರವು ಅದಕ್ಕಿಟ್ಟ ಹೆಸರು ‘ಆಪರೇಷನ್ ಅಭ್ಯಾಸ್’. ಹಿಂದಿಯಲ್ಲಿ ಅದು ಸರಿಯಾದ ಪದ. ರಾಯಚೂರಿನ ಮನೆಗಳಲ್ಲಿ ಮಾತ್ರ ಆ ಹೆಸರು ಮಕ್ಕಳ ಓದಿಗೆ ಇಟ್ಟದ್ದು ಎಂಬಂತಾಯಿತು.